ಮಾತು ನಿಂತ ಮೇಲಿನ ಗೆಳೆತನ

ಪಾರ್ಶ್ವವಾಯು ಬಡಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಅಫೇಸಿಯಾ ಬರುತ್ತದೆ. ಮಿದುಳಿನಲ್ಲಿ, ಹೆಚ್ಚಿನವರಿಗೆ ಎಡಭಾಗದಲ್ಲಿ, ಭಾಷೆಯನ್ನು ನಡೆಸುವ ಜಾಗಕ್ಕೆ ರಕ್ತ ತಪ್ಪಿದಾಗ ಅಥವಾ ಅಲ್ಲಿ ರಕ್ತಸ್ರಾವವಾದಾಗ ಹುಟ್ಟುವ ತೊಂದರೆ ಇದು. ಒಬ್ಬರಿಗೆ ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ. ಇನ್ನೊಬ್ಬರಿಗೆ ಮಾತು ಸರಾಗವಾಗಿ ಹರಿದರೂ ಅರ್ಥ ಕೂಡುವುದಿಲ್ಲ. ಮತ್ತೊಬ್ಬರಿಗೆ ಎದುರಿನವರು ಆಡಿದ್ದೇ ತಿಳಿಯದು. ಓದು ಬರಹವೂ ಸಾಮಾನ್ಯವಾಗಿ ಜೊತೆಗೇ ಕುಂದುತ್ತದೆ. ಆದರೆ ನೆನಪು, ಅಭಿರುಚಿ, ಕೋಪ, ಪ್ರೀತಿ, ಜನರನ್ನು ಅಳೆಯುವ ಶಕ್ತಿ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತವೆ. ಹೊರಗಿನವರಿಗೆ ಇದು ಕಾಣುವುದಿಲ್ಲ. ಮಾತು ಬಿದ್ದುಹೋಗಿದೆ ಎಂದು ಕೇಳಿದೊಡನೆ ಬುದ್ಧಿಯೂ ಹೋಗಿದೆ ಎಂದೆಣಿಸಿ ಪರಿಚಿತರು ದೂರ ಸರಿಯುವುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಕಾಯಿಲೆಯ ವೈದ್ಯಕೀಯ ಚರಿತ್ರೆ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ಕಾಯಿಲೆ ಬಂದವರ ಗೆಳೆತನ ಏನಾಯಿತು, ಅದನ್ನು ಉಳಿಸಲು ಯಾರು ಏನು ಮಾಡಿದರು ಎಂಬುದು ಅಷ್ಟು ಪ್ರಸಿದ್ಧವಲ್ಲ. ಈ ಎರಡನೆಯ ಚರಿತ್ರೆಯನ್ನು ಮೊದಲಿಗೆ ಕಟ್ಟಿದವರು ನೆರೆಹೊರೆಯವರು, ಮನೆಯವರು ಮತ್ತು ಸ್ವತಃ ಅಫೇಸಿಯಾ ಇದ್ದವರು. ತಜ್ಞರು ಆಮೇಲೆ ಬಂದು ಸೇರಿಕೊಂಡರು.

ಮಾತು ಕಳೆದುಕೊಂಡ ಮೇಲೂ ಗೆಳೆಯರ ಕೂಟವನ್ನು ಬಿಡದವರ ಹಳೆಯ ದಾಖಲೆಗಳಲ್ಲಿ ಇಂಗ್ಲೆಂಡಿನ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅವರದು ಮುಖ್ಯವಾದುದು. 1783ರ ಜೂನ್ 17ರ ಬೆಳಗಿನ ಜಾವ, ತಮ್ಮ 73ನೆಯ ವಯಸ್ಸಿನಲ್ಲಿ, ಅವರ ಮಾತು ನಿಂತಿತು. ಬುದ್ಧಿ ಸರಿಯಾಗಿದೆಯೇ ಎಂದು ತಿಳಿಯಲು ಅವರು ಮನಸ್ಸಿನಲ್ಲೇ ಲ್ಯಾಟಿನ್ ಪದ್ಯದಲ್ಲಿ ಪ್ರಾರ್ಥನೆ ಕಟ್ಟಿದರು. ಪದ್ಯ ಚೆನ್ನಾಗಿಲ್ಲವೆಂದು ತಮಗೇ ಗೊತ್ತಾದದ್ದರಿಂದ ಬುದ್ಧಿ ಕೆಟ್ಟಿಲ್ಲವೆಂದು ಸಮಾಧಾನ ತಂದುಕೊಂಡರು. ಬೆಳಿಗ್ಗೆ ಸೇವಕನ ಕೈಗೆ ಚೀಟಿ ಕೊಟ್ಟರೆ, ಒಡೆಯರು ಬಾಯಲ್ಲಿ ಹೇಳದೆ ಕಾಗದವನ್ನೇಕೆ ಕೊಡುತ್ತಿದ್ದಾರೆ ಎಂದು ಅವನಿಗೆ ತಿಳಿಯಲಿಲ್ಲ. ನೆರೆಮನೆಯ ಮುದ್ರಕ ಎಡ್ಮಂಡ್ ಆಲೆನ್ ಅವರಿಗೆ ಆ ದಿನವೇ ಪತ್ರ ಹೋಯಿತು. ಮಾತು ಕೆಲವೇ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮರಳಿತು. ಮುಂದಿನ ತಿಂಗಳು ಅವರು ರಾಚೆಸ್ಟರ್‌ನಲ್ಲಿದ್ದ ಗೆಳೆಯ ಬೆನೆಟ್ ಲ್ಯಾಂಗ್ಟನ್ ಅವರ ಮನೆಯಲ್ಲಿ ಹೋಗಿ ಉಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಎಸೆಕ್ಸ್ ಹೆಡ್ ಎಂಬ ಹೋಟೆಲಿನಲ್ಲಿ ವಾರಕ್ಕೆ ಮೂರು ಸಂಜೆ ಸೇರುವ ಹೊಸ ಸಂಘವೊಂದನ್ನು ಕಟ್ಟಿದರು. ಅದನ್ನು ಕಟ್ಟಲು ಜೊತೆಯಾದವರು ಅವರಿಗೆ ಚಿಕಿತ್ಸೆ ಮಾಡಿದ್ದ ಡಾ. ಬ್ರೋಕಲ್ಸ್‌ಬಿ ಅವರೇ. ಪಾರ್ಶ್ವವಾಯುವಿನ ಆರು ತಿಂಗಳೊಳಗೆ ಹೊಸ ಹರಟೆಕೂಟ ಕಟ್ಟುವುದು ಅಂದಿಗೂ ಇಂದಿಗೂ ಅಪರೂಪ. ಜಾನ್ಸನ್ ಅವರಿಗಾದ ಪೆಟ್ಟು ಹಗುರವಾಗಿತ್ತು, ಬರವಣಿಗೆ ಉಳಿದಿತ್ತು, ಹೆಸರು ಹಣ ನೋಡದೆ ಬಂದು ಕೂರುವ ಗೆಳೆಯರೂ ಇದ್ದರು.

ಇವೊಂದೂ ಇಲ್ಲದ ಮನುಷ್ಯ ಪ್ಯಾರಿಸ್ಸಿನ ಲೆಬೊರ್ನ್. ಬೂಟಿನ ಅಚ್ಚು ಮಾಡುವ ಕಸುಬಿನ ಇವರಿಗೆ ಎಳೆತನದಿಂದ ಮೂರ್ಛೆರೋಗವಿತ್ತು. ಮೂವತ್ತರ ಹೊತ್ತಿಗೆ ಮಾತು ಹೋಯಿತು. ಬಿಸೆತ್ರ್ ಆಸ್ಪತ್ರೆ ಸೇರಿದ ಮೇಲೆ 21 ವರ್ಷ ಅಲ್ಲಿಂದ ಹೊರಬರಲಿಲ್ಲ. ಏನು ಕೇಳಿದರೂ ‘ಟ್ಯಾನ್ ಟ್ಯಾನ್’ ಎಂಬ ಉತ್ತರ. ಆಸ್ಪತ್ರೆಯವರು ಇಟ್ಟ ಹೆಸರೂ ಅದೇ. 1861ರ ಏಪ್ರಿಲಿನಲ್ಲಿ ಅವರು ತೀರಿಕೊಂಡಾಗ ಶಸ್ತ್ರವೈದ್ಯ ಪಾಲ್ ಬ್ರೋಕಾ ಲೆಬೊರ್ನ್ ಅವರ ಮಿದುಳನ್ನು ಪರೀಕ್ಷಿಸಿ, ಎಡ ಮುಂಭಾಗದ ಗಾಯಕ್ಕೂ ಮಾತಿಗೂ ಇರುವ ನಂಟನ್ನು ತೋರಿಸಿದರು. ಆ ಮಿದುಳು ಇಂದಿಗೂ ಪ್ಯಾರಿಸ್ಸಿನ ಸಂಗ್ರಹದಲ್ಲಿದೆ. ಬ್ರೋಕಾ ಅವರ ವರದಿಯಲ್ಲಿ ಗಾಯದ ವರ್ಣನೆಗೆ ಮೊದಲು ಬರುವ ಕೆಲವು ಸಾಲುಗಳು ಗೆಳೆತನದ ಚರಿತ್ರೆಗೆ ಗಾಯದಷ್ಟೇ ಮುಖ್ಯ. ಲೆಬೊರ್ನ್ ತಮಗೆ ಹೇಳಿದ್ದನ್ನು ಬಹುಪಾಲು ತಿಳಿದುಕೊಳ್ಳುತ್ತಿದ್ದರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದರೆ ಎಡಗೈ ಬೆರಳುಗಳನ್ನು ಮಡಚಿ ಬಿಡಿಸಿ ಲೆಕ್ಕ ತೋರಿಸುತ್ತಿದ್ದರು. ಸನ್ನೆ ಯಾರಿಗೂ ತಿಳಿಯದಿದ್ದರೆ ಸಿಟ್ಟಾಗಿ ಬೈಗುಳವೊಂದನ್ನು ಉದುರಿಸುತ್ತಿದ್ದರು. ಜೊತೆಯ ರೋಗಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಕಳ್ಳನೆಂದೂ ದೂರುತ್ತಿದ್ದರು. ವರದಿ ಅವರನ್ನು ಸ್ವಾರ್ಥಿ, ಹಗೆ ಸಾಧಿಸುವವ ಎನ್ನುತ್ತದೆ. ಕಳ್ಳತನದ ಆರೋಪಕ್ಕೆ ಬಾಯಿಬಿಟ್ಟು ಉತ್ತರ ಕೊಡಲಾಗದ ಒಬ್ಬರು ಎರಡು ದಶಕ ಒಂದೇ ಕಟ್ಟಡದಲ್ಲಿ ಇದ್ದಾರೆಂದರೆ ಆ ಸಿಟ್ಟನ್ನು ಸ್ವಭಾವದ ಲೆಕ್ಕಕ್ಕೆ ಮಾತ್ರ ಬರೆಯುವುದು ನ್ಯಾಯವಲ್ಲ. ನೂರಾರು ಜನರ ನಡುವೆ ಇದ್ದೂ ಒಂಟಿಯಾಗಿದ್ದವರ ಚಿತ್ರ ಅದು.

ಬ್ರೋಕಾ ಅವರ ನಂತರದ ಐವತ್ತು ವರ್ಷ ವಿಜ್ಞಾನ ಮಿದುಳಿನ ನಕ್ಷೆ ಬರೆಯುವುದರಲ್ಲಿ ಮುಳುಗಿತು. 1874ರಲ್ಲಿ ಕಾರ್ಲ್ ವೆರ್ನಿಕೆ ಅರ್ಥಗ್ರಹಣದ ಜಾಗವನ್ನು ಗುರುತಿಸಿದರು. ಅಫೇಸಿಯಾದಲ್ಲಿ ಬಗೆಗಳು, ಉಪಬಗೆಗಳು ಹುಟ್ಟಿದವು. ರೋಗಿ ಮನೆಗೆ ಹೋದ ಮೇಲೆ ಯಾರೊಂದಿಗೆ ಕೂರುತ್ತಾರೆ, ಯಾರು ಅವರನ್ನು ನೋಡಲು ಬರುತ್ತಾರೆ ಎಂದು ಕೇಳಿದವರು ಕಡಿಮೆ. ಈ ದೃಷ್ಟಿಯನ್ನು ಸ್ವಲ್ಪ ಸಡಿಲಿಸಿದ್ದು ಯುದ್ಧ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗುಲಿದ ಯುವಕರು ಸಾವಿರಗಟ್ಟಲೆ ಬಂದಾಗ ಫ್ರಾಂಕ್‌ಫರ್ಟ್‌ನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್ ಚಿಕಿತ್ಸೆ, ಪಾಠ, ಕಾರ್ಖಾನೆ ಕೆಲಸ ಮೂರನ್ನೂ ಒಂದೇ ಆವರಣದಲ್ಲಿ ಸೇರಿಸಿದ ಸಂಸ್ಥೆಯನ್ನು ನಡೆಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಗಳು ಅಫೇಸಿಯಾ ಇದ್ದ ಸೈನಿಕರನ್ನು ಗುಂಪಾಗಿ ಕೂರಿಸಿ ತರಬೇತಿ ಕೊಟ್ಟವು. ಗುಂಪು ಕಟ್ಟಿದ್ದಕ್ಕೆ ಸಿದ್ಧಾಂತಕ್ಕಿಂತ ಸಿಬ್ಬಂದಿಯ ಕೊರತೆ ದೊಡ್ಡ ಕಾರಣ. ಆದರೂ ಒಂದೇ ವಯಸ್ಸಿನ, ಒಂದೇ ಕಷ್ಟದ ಹುಡುಗರು ಒಟ್ಟಿಗೆ ಇದ್ದಾಗ ಒಬ್ಬರಿಗೊಬ್ಬರು ನೆರವಾಗುವುದು ಚಿಕಿತ್ಸಕರ ಕಣ್ಣಿಗೆ ಬಿತ್ತು. ಯುದ್ಧ ಮುಗಿದು ವಾರ್ಡುಗಳು ಮುಚ್ಚಿದಾಗ ಆ ಅನುಭವವೂ ಬಹುಪಾಲು ಮುಚ್ಚಿಹೋಯಿತು. ಪಾರ್ಶ್ವವಾಯು ಬಡಿದ ಅರವತ್ತರ ಮುದುಕರಿಗೆ ಅಂಥ ವಾರ್ಡು ಇರಲಿಲ್ಲ.

ಆ ಕಾಲದ ಒಂಟಿತನವನ್ನು ಒಳಗಿನಿಂದ ಬರೆದಿಟ್ಟವರು ಡಗ್ಲಸ್ ರಿಚಿ. ಯುದ್ಧದ ವರ್ಷಗಳಲ್ಲಿ ‘ಕರ್ನಲ್ ಬ್ರಿಟನ್’ ಎಂಬ ಹೆಸರಿನಲ್ಲಿ ಬಿಬಿಸಿಯಿಂದ ನಾಜಿ ಆಕ್ರಮಿತ ಯುರೋಪಿಗೆ ಕೇಳಿಬರುತ್ತಿದ್ದ ಧ್ವನಿ ಅವರದು. 1955ರಲ್ಲಿ ಪಾರ್ಶ್ವವಾಯು ಆ ಧ್ವನಿಯನ್ನೇ ಕಿತ್ತುಕೊಂಡಿತು. ಐದು ವರ್ಷದ ಬಳಿಕ ಪ್ರಕಟವಾದ ಅವರ ದಿನಚರಿ, ಮಾತು ಕಳೆದುಕೊಂಡವರ ತಲೆಯೊಳಗೆ ಪೂರ್ತಿ ಒಬ್ಬ ಮನುಷ್ಯ ಎಚ್ಚರವಾಗಿರುತ್ತಾನೆ ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸಿತು.

ದಿಕ್ಕು ಬದಲಾದದ್ದು ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಎಂಬ ಹಳ್ಳಿಯಲ್ಲಿ. ಅಮೆರಿಕದ ಚಿತ್ರನಟಿ, ಆಸ್ಕರ್ ವಿಜೇತೆ ಪೆಟ್ರಿಷಿಯಾ ನೀಲ್ ಅವರಿಗೆ 1965ರ ಫೆಬ್ರವರಿಯಲ್ಲಿ, 39ನೆಯ ವಯಸ್ಸಿನಲ್ಲಿ, ಮಿದುಳಿನಲ್ಲಿ ಸಾಲಾಗಿ ರಕ್ತಸ್ರಾವಗಳಾದವು. ಆಗ ಅವರು ಗರ್ಭಿಣಿ. ಲಾಸ್ ಏಂಜಲೀಸ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತು. ಮಾತು, ನಡಿಗೆ, ಓದು ಹೋದವು. ಗಂಡ, ಮಕ್ಕಳ ಕಥೆಗಾರ ರೋಲ್ಡ್ ಡಾಲ್, ಹಳ್ಳಿಗೆ ಕರೆತಂದ ಮೇಲೆ ನೋಡಿದರೆ ಆಸ್ಪತ್ರೆಯಿಂದ ಸಿಗುತ್ತಿದ್ದ ಮಾತಿನ ತರಬೇತಿ ತೀರಾ ಕಡಿಮೆ. ಉಳಿದ ಹೊತ್ತೆಲ್ಲ ಗೋಡೆ ನೋಡಿಕೊಂಡು ಕೂರಬೇಕು. ಅವರು ನೆರೆಹೊರೆಯವರನ್ನು ಪಾಳಿಯ ಮೇಲೆ ಕರೆದರು. ದಿನಕ್ಕೆ ಗಂಟೆಗಟ್ಟಲೆ ಒಬ್ಬರ ಬಳಿಕ ಒಬ್ಬರು ಬಂದು ಕೂತು ಓದಿಸಿದರು, ಬರೆಸಿದರು, ಆಟವಾಡಿಸಿದರು, ಊರಿನ ಸುದ್ದಿ ಮಾತಾಡಿದರು. ಬಂದವರು ಯಾರೂ ತರಬೇತಾದವರಲ್ಲ.

ಅವರಲ್ಲಿ ಕೊನೆಯವರೆಗೂ ನಿಂತವರು ವ್ಯಾಲರಿ ಈಟನ್ ಗ್ರಿಫಿತ್. ಅನಾರೋಗ್ಯದಿಂದ ಕೆಲಸ ಬಿಟ್ಟು ತಂದೆಯ ಜೊತೆ ಇದ್ದ ಈಕೆಗೆ ವೈದ್ಯಶಾಸ್ತ್ರ ಗೊತ್ತಿರಲಿಲ್ಲ. ಎದುರಿಗಿರುವವರಿಗೆ ಏನು ಇಷ್ಟ, ಏನು ಬೇಸರ ಎಂಬುದನ್ನು ಗಮನಿಸುವ ಕಣ್ಣಿತ್ತು. ಮಕ್ಕಳ ಪಾಠ ಹೇಳಿಕೊಟ್ಟಂತೆ ಹೇಳಿಕೊಡದೆ, ದೊಡ್ಡವರಿಗೆ ತಕ್ಕ ಒಗಟು, ಆಟ, ಚರ್ಚೆಗಳನ್ನು ಆರಿಸುವುದು ಅವರ ಕ್ರಮವಾಯಿತು. ಡಾಲ್ ಅವರ ಪಟ್ಟು ತಮಗೆ ಎಷ್ಟು ಕಠಿಣವಾಗಿತ್ತೆಂದು ನೀಲ್ ಮುಂದೆ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದರು. ಹಾಗಿದ್ದೂ 1968ರಲ್ಲಿ ಅವರು ‘ದಿ ಸಬ್ಜೆಕ್ಟ್ ವಾಸ್ ರೋಸಸ್’ ಚಿತ್ರದಲ್ಲಿ ನಟಿಸಿ ಮತ್ತೆ ಆಸ್ಕರ್‌ಗೆ ನಾಮನಿರ್ದೇಶನ ಪಡೆದರು. ಗ್ರಿಫಿತ್ ಬಳಿಕ, ಇದೇ ರೀತಿ ಮಾತು ಕಳೆದುಕೊಂಡ ಲೇಖಕ ಆಲನ್ ಮೂರ್‌ಹೆಡ್ ಅವರಿಗೂ ನೆರವಾದರು. ತಮ್ಮ ಅನುಭವವನ್ನು 1970ರಲ್ಲಿ ಪುಸ್ತಕ ಮಾಡಿದರು. 1973ರಲ್ಲಿ ಎದೆ, ಹೃದಯ ಮತ್ತು ಪಾರ್ಶ್ವವಾಯು ರೋಗಗಳಿಗಾಗಿ ದುಡಿಯುತ್ತಿದ್ದ ಬ್ರಿಟಿಷ್ ಸಂಘದ ಆಶ್ರಯದಲ್ಲಿ ಸ್ವಯಂಸೇವಕರ ಯೋಜನೆ ಹುಟ್ಟಿತು. ಕ್ರಮ ಸರಳ: ಊರಿನ ಸ್ವಯಂಸೇವಕರು ವಾರಕ್ಕೊಮ್ಮೆ ಮನೆಗೆ ಬಂದು ಕೂರುವುದು, ವಾರಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರುವುದು, ಆಗಾಗ ಹೊರಗೆ ತಿರುಗಾಡಲು ಹೋಗುವುದು. ದೇಶದ ಬೇರೆ ಬೇರೆ ಊರುಗಳಲ್ಲಿ ಇಂಥ ಕೂಟಗಳು ಹಬ್ಬಿದವು.

ಇದು ವೃತ್ತಿಪರರಿಗೆ ಇರುಸುಮುರುಸನ್ನೂ ತಂದಿತು. 1979ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು, 1982ರಲ್ಲಿ ಮತ್ತೊಂದು ಹೋಲಿಕೆ ಅಧ್ಯಯನ ಪ್ರಕಟವಾಯಿತು. ಎರಡರಲ್ಲೂ ವಾಕ್ ಚಿಕಿತ್ಸಕರ ಕೈಯಲ್ಲಿದ್ದವರಿಗೂ ಸ್ವಯಂಸೇವಕರ ಜೊತೆಯಲ್ಲಿದ್ದವರಿಗೂ ಆದ ಸುಧಾರಣೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಚಿಕಿತ್ಸಕರೇ ಬೇಡ, ಅಕ್ಕರೆಯ ಮಾತು ಸಾಕು ಎಂದು ಕೆಲವರು ಇದನ್ನು ಓದಿಕೊಂಡರು. ಅದು ತಪ್ಪು ಓದು. ಅಲ್ಲಿನ ಸ್ವಯಂಸೇವಕರಿಗೆ ಚಿಕಿತ್ಸಕರ ಮಾರ್ಗದರ್ಶನ ಇತ್ತು. ಕೊಟ್ಟ ಚಿಕಿತ್ಸೆಯೂ ವಾರಕ್ಕೆ ಕೆಲವೇ ಗಂಟೆಗಳದು. ವಾಕ್ ಚಿಕಿತ್ಸೆಯಿಂದ ನಿತ್ಯಜೀವನದ ಸಂವಹನ ಸುಧಾರಿಸುತ್ತದೆಂದು ನಂತರದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳು ತೋರಿಸಿವೆ. ಆ ಎರಡು ಅಧ್ಯಯನಗಳಿಂದ ನಿಜವಾಗಿ ಕಲಿಯಬೇಕಾಗಿದ್ದು ಬೇರೆ: ಜೊತೆಗೆ ಕೂತು ಮಾತಾಡುವ ಮನುಷ್ಯರು ಚಿಕಿತ್ಸೆಯ ಹೊರಗಿನವರಲ್ಲ.

ಇಷ್ಟರಲ್ಲಿ ಅಫೇಸಿಯಾ ಇದ್ದವರು ತಾವೇ ಮುಂದೆ ಬಂದರು. 1980ರಲ್ಲಿ ಬ್ರಿಟನ್ನಿನ ಡಯಾನಾ ಲಾ, ತಮಗೇ ಅಫೇಸಿಯಾ ಇದ್ದೂ, ಈ ತೊಂದರೆಯವರಿಗಾಗಿ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಮುಂದೆ ‘ಸ್ಪೀಕಬಿಲಿಟಿ’ ಎಂಬ ಹೆಸರಾದ ಆ ಸಂಘದ ಊರೂರಿನ ಗುಂಪುಗಳನ್ನು ಅಫೇಸಿಯಾ ಇದ್ದವರೇ ನಡೆಸಿದರು. ಅಮೆರಿಕದಲ್ಲಿ ಮಾರ್ಥಾ ಟೇಲರ್ ಸಾರ್ನೊ ಅವರ ಪ್ರಯತ್ನದಿಂದ 1987ರಲ್ಲಿ ರಾಷ್ಟ್ರೀಯ ಅಫೇಸಿಯಾ ಸಂಘ ಹುಟ್ಟಿತು.

ಗೆಳೆತನದ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಕೆನಡಾದ್ದು. ಟೊರಾಂಟೊದ ಪ್ಯಾಟ್ ಅರಾಟೊ ಅವರ ಗಂಡನಿಗೆ ಪಾರ್ಶ್ವವಾಯುವಿನಿಂದ ಅಫೇಸಿಯಾ ಬಂತು. ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೆ ಹೋಗಲು ಒಂದು ಜಾಗವೇ ಇಲ್ಲವೆಂಬುದನ್ನು ಕಂಡು ಅವರು 1979ರಲ್ಲಿ ನಾರ್ತ್ ಯಾರ್ಕ್‌ನಲ್ಲಿ ಒಂದು ಕೇಂದ್ರ ತೆರೆದರು. ಇಂದಿನ ಅಫೇಸಿಯಾ ಇನ್‌ಸ್ಟಿಟ್ಯೂಟ್ ಅದೇ. ಸ್ವಯಂಸೇವಕರು ನಡೆಸುವ ಸಣ್ಣ ಸಣ್ಣ ಮಾತುಕತೆಯ ಗುಂಪುಗಳು ಅಲ್ಲಿಯ ಜೀವಾಳ. ಆ ಕೇಂದ್ರದಲ್ಲಿ ದುಡಿದ ಔರಾ ಕೇಗನ್ ಎಂಬ ವಾಕ್ ಚಿಕಿತ್ಸಕಿ 1990ರ ದಶಕದಲ್ಲಿ ಸ್ವಯಂಸೇವಕರ ಅನುಭವವನ್ನು ಒಂದು ವಿಧಾನವಾಗಿ ಬೆಳೆಸಿದರು. ಅವರ ವಾದದ ತಿರುಳು ಇದು: ಅಫೇಸಿಯಾ ಇದ್ದವರ ತಿಳಿವಳಿಕೆ ಇಲ್ಲವಾಗಿಲ್ಲ, ಮರೆಯಾಗಿದೆ, ಅದನ್ನು ಹೊರತರುವ ಹೊಣೆ ಮಾತು ಬಲ್ಲವರದು. ಗಾಲಿಕುರ್ಚಿಯವರಿಗೆ ಮೆಟ್ಟಿಲಿನ ಪಕ್ಕ ಇಳಿಜಾರು ಕಟ್ಟುವುದು ಕಟ್ಟಡದ ಒಡೆಯರ ಕೆಲಸ. ಮಾತುಕತೆಗೂ ಅಂಥದೇ ಇಳಿಜಾರನ್ನು ಎದುರಿಗೆ ಕೂತವರು ಕಟ್ಟಿಕೊಡಬೇಕು.

ಕಟ್ಟುವ ಬಗೆಯನ್ನೂ ಅವರು ಸ್ಪಷ್ಟವಾಗಿ ಹೇಳಿದರು. ನಿಮಗೆ ಗೊತ್ತಿದೆ ಎಂಬುದು ನನಗೆ ಗೊತ್ತು ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. ದೊಡ್ಡವರೊಂದಿಗೆ ಆಡುವ ಸಹಜ ದನಿಯಲ್ಲಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು. ವಿಷಯದ ಮುಖ್ಯ ಪದವನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಇಬ್ಬರ ನಡುವೆ ಇಡಬೇಕು. ಹೌದು, ಅಲ್ಲ, ಗೊತ್ತಿಲ್ಲ ಎಂಬ ಪದಗಳನ್ನು ಬರೆದಿಟ್ಟರೆ ಬೆರಳು ತೋರಿಸಿ ಉತ್ತರ ಕೊಡಬಹುದು. ಚಿತ್ರ, ನಕ್ಷೆ, ಕ್ಯಾಲೆಂಡರ್, ಹಳೆಯ ಫೋಟೊ, ಕೈಸನ್ನೆ ಎಲ್ಲವೂ ಮಾತೇ. ಉತ್ತರಕ್ಕೆ ಕಾಯಬೇಕು, ಕೊನೆಯಲ್ಲಿ, ನೀವು ಹೇಳಿದ್ದು ಇದೇ ತಾನೆ ಎಂದು ಮತ್ತೆ ಕೇಳಿ ಖಚಿತ ಮಾಡಿಕೊಳ್ಳಬೇಕು. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಸ್ವಯಂಸೇವಕರಿಗೆ ಈ ತರಬೇತಿ ಕೊಡಲಾಯಿತು; ಇನ್ನು 20 ಜನ ತರಬೇತಿಯಿಲ್ಲದೆ ಅಫೇಸಿಯಾ ಇದ್ದವರ ಒಡನಾಟಕ್ಕೆ ಮಾತ್ರ ಬಂದರು. ತರಬೇತಿ ಪಡೆದವರು ಚೆನ್ನಾಗಿ ಸಂಭಾಷಿಸಿದ್ದು ನಿರೀಕ್ಷಿತವೇ. ಅವರ ಜೊತೆ ಮಾತಿಗೆ ಕೂತ ಅಫೇಸಿಯಾ ಇದ್ದವರೂ ತಮಗೆ ಯಾವ ತರಬೇತಿಯೂ ಇಲ್ಲದೆ ಹೆಚ್ಚು ವಿಷಯ ತಿಳಿಸಿದರು, ಹೆಚ್ಚು ಬೆರೆತರು. ಒಬ್ಬರ ಸಂವಹನದ ಶಕ್ತಿ ಎದುರಿಗೆ ಕೂತವರನ್ನು ಅವಲಂಬಿಸಿ ಏರಿಳಿಯುತ್ತದೆ ಎಂಬುದು ಹೀಗೆ ಅಳತೆಗೆ ಸಿಕ್ಕಿತು. ನೂರನಲವತ್ತು ವರ್ಷ ಒಂದೇ ತಲೆಯೊಳಗೆ ಹುಡುಕುತ್ತಿದ್ದ ಕಾಯಿಲೆಯ ಅರ್ಧ ಪರಿಹಾರ ಇಬ್ಬರ ನಡುವಿನ ಮೇಜಿನ ಮೇಲಿತ್ತು.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ರಾಬರ್ಟಾ ಎಲ್ಮನ್ 1996ರಲ್ಲಿ ಆರಂಭಿಸಿದ ಕೇಂದ್ರ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಿತು: ಜನರ ನಡುವೆ ಕೂರುವುದಷ್ಟೇ ಸಾಕೇ? 1999ರಲ್ಲಿ ಪ್ರಕಟವಾದ, 24 ಜನರನ್ನು ಒಳಗೊಂಡ ಅಧ್ಯಯನದಲ್ಲಿ ಒಂದು ತಂಡ ಕೂಡಲೇ ಮಾತುಕತೆಯ ಗುಂಪು ಸೇರಿತು. ಸರದಿಗೆ ಕಾದ ತಂಡ ಅಷ್ಟು ದಿನ ಬೇರೆ ಸಾಮಾಜಿಕ ಕೂಟಗಳಿಗೆ ಹೋಗುತ್ತಿತ್ತು. ಭಾಷೆಯ ಪರೀಕ್ಷೆಗಳಲ್ಲಿ ಮುಂದೆ ಹೋದವರು ಮಾತುಕತೆಯ ಗುಂಪಿನವರು. ಮರುವರ್ಷ ಉತ್ತರ ಅಮೆರಿಕದ ಏಳು ತಜ್ಞರು ಸೇರಿ, ಅಫೇಸಿಯಾದ ಚಿಕಿತ್ಸೆಗೆ ಗುರಿ ಬದುಕಿನಲ್ಲಿ ಮತ್ತೆ ಪಾಲ್ಗೊಳ್ಳುವುದೇ ಹೊರತು ಪರೀಕ್ಷೆಯ ಅಂಕವಲ್ಲ ಎಂಬ ನಿಲುವನ್ನು ಪ್ರಕಟಿಸಿದರು.

ಗೆಳೆಯರು ಏಕೆ ದೂರವಾಗುತ್ತಾರೆ ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಲಂಡನ್. ಕಟೆರಿನಾ ಹಿಲಾರಿ ಮತ್ತು ಸಾರಾ ನಾರ್ತ್‌ಕಾಟ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುಕಾಲದಿಂದ ಅಫೇಸಿಯಾ ಇದ್ದ ಹೆಚ್ಚಿನವರಿಗೆ ಮಕ್ಕಳ ಜೊತೆಗಿನ ಒಡನಾಟ ಮೊದಲಿನಂತೆಯೇ ಇತ್ತು. ಗೆಳೆಯರನ್ನು ಕಾಣುವುದು ಮಾತ್ರ ಸುಮಾರು ಮೂರನೇ ಎರಡು ಪಾಲು ಜನರಿಗೆ ಕಡಿಮೆಯಾಗಿತ್ತು. ರಕ್ತಸಂಬಂಧಕ್ಕೆ ಕರ್ತವ್ಯದ ಕಟ್ಟು ಇದೆ. ಗೆಳೆತನ ಇಷ್ಟದ ಮೇಲೆ ನಿಂತದ್ದು, ಅದಕ್ಕೇ ಅದು ಮೊದಲು ಸಡಿಲವಾಗುತ್ತದೆ. ಅವರು 2011ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ಕಾರಣಗಳನ್ನು ಬಿಡಿಸಿ ಹೇಳಿತು. ಜೊತೆಯಾಗಿ ಮಾಡುತ್ತಿದ್ದ ಕೆಲಸ ನಿಂತುಹೋಗುತ್ತದೆ. ಆಯಾಸ ಬೇಗ ಬರುತ್ತದೆ. ಮನೆಯಿಂದ ಹೊರಡುವುದೇ ಕಷ್ಟ. ಬಂದವರು ಕನಿಕರ ತೋರಿಸುತ್ತಾರೆ ಅಥವಾ ಏನು ಹೇಳಬೇಕೆಂದು ತಿಳಿಯದೆ ಬರುವುದನ್ನೇ ಬಿಡುತ್ತಾರೆ. ಕೆಲವರು ತಾವಾಗಿಯೇ ಒಳಕ್ಕೆ ಸರಿದು ಮುಚ್ಚಿಕೊಳ್ಳುತ್ತಾರೆ. ಕೊನೆಯದು ಮನೆಯವರ ಗಮನ ತಪ್ಪುವುದೇ ಹೆಚ್ಚು. ಯಾರನ್ನೂ ಕರೆಯಬೇಡಿ ಎನ್ನುವ ರೋಗಿಯ ಸನ್ನೆಯನ್ನು ಶಾಶ್ವತ ತೀರ್ಮಾನವೆಂದು ಒಪ್ಪಿಕೊಂಡುಬಿಟ್ಟರೆ ಬಾಗಿಲು ಮುಚ್ಚಿಯೇ ಹೋಗುತ್ತದೆ.

2000ದಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಕನೆಕ್ಟ್’ ಸಂಸ್ಥೆ ಅಫೇಸಿಯಾ ಇದ್ದವರನ್ನೇ ತರಬೇತುದಾರರನ್ನಾಗಿ, ಹೊಸಬರ ಮನೆಗೆ ಹೋಗುವ ಜೊತೆಗಾರರನ್ನಾಗಿ ಬೆಳೆಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕ್ಯಾರೊಲ್ ಪೌಂಡ್, ಬ್ರೂನೆಲ್ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಗೆ ದುಡಿಯುವ ವಯಸ್ಸಿನ ಅಫೇಸಿಯಾ ಇದ್ದವರ ಗೆಳೆತನವನ್ನೇ ವಿಷಯವಾಗಿ ಆರಿಸಿಕೊಂಡು, ಅವರನ್ನೇ ಸಹಸಂಶೋಧಕರನ್ನಾಗಿ ಕೂರಿಸಿಕೊಂಡರು. ಅಲ್ಲಿ ಮತ್ತೆ ಮತ್ತೆ ಕೇಳಿಬಂದ ವಿಷಯ ಕೊಡುಕೊಳೆ. ನೆರವು ಪಡೆಯುವುದಷ್ಟೇ ಆದರೆ ಅದು ಗೆಳೆತನವಾಗುವುದಿಲ್ಲ; ತಾನೂ ಗೆಳೆಯನ ಕಷ್ಟಕ್ಕೆ ಕಿವಿಯಾಗಬೇಕು, ಚೇಷ್ಟೆ ಮಾಡಬೇಕು, ಜಗಳವಾಡಬೇಕು. ‘ಕನೆಕ್ಟ್’ ಹಣದ ಮುಗ್ಗಟ್ಟಿನಿಂದ ಉಳಿಯಲಿಲ್ಲ. ಒಳ್ಳೆಯ ಕೆಲಸ ಸಾಬೀತಾದ ಮೇಲೂ ಅದನ್ನು ನಡೆಸುವ ಖರ್ಚು ಯಾರದು ಎಂಬುದು ಇಂಥ ಸಂಸ್ಥೆಗಳ ಚರಿತ್ರೆಯಲ್ಲಿ ತೀರದ ಪ್ರಶ್ನೆ. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದವರು ಕಂಪ್ಯೂಟರಿನೊಳಗೆ ‘ಈವಾ ಪಾರ್ಕ್’ ಎಂಬ ಕಾಲ್ಪನಿಕ ದ್ವೀಪವನ್ನು ಕಟ್ಟಿ, ಹೊರಗೆ ಹೋಗಲಾಗದವರು ಅಲ್ಲಿ ಭೇಟಿಯಾಗುವ ಪ್ರಯೋಗವನ್ನೂ ಮಾಡಿದ್ದಾರೆ.

ಮಾತಿಲ್ಲದ ಒಡನಾಟದ ಒಂದು ದಾರಿ ಸಂಗೀತ. ಮಾತು ಹೋದರೂ ಹಾಡು ಉಳಿಯಬಹುದೆಂಬುದು ಹಳೆಯ ಅರಿವು. ‘ಹೌದು’ ಎಂಬುದರಾಚೆ ಮಾತಿಲ್ಲದ ಒಬ್ಬರು ಭಕ್ತಿಗೀತೆಗಳನ್ನು ಪದಸಹಿತ ಹಾಡುತ್ತಿದ್ದುದನ್ನು ಸ್ವೀಡನ್ನಿನ ಓಲೊಫ್ ಡಾಲಿನ್ 1745ರಲ್ಲೇ ದಾಖಲಿಸಿದ್ದರು. ಅದೇ ದೇಶದ ಕವಿ ಟೊಮಾಸ್ ಟ್ರಾನ್ಸ್‌ಟ್ರೊಮರ್ 1990ರ ಪಾರ್ಶ್ವವಾಯುವಿನ ಬಳಿಕ ಕೆಲವೇ ಪದಗಳಿಗೆ ಇಳಿದರು. ಬಲಗೈ ಸೋತಿದ್ದರಿಂದ ಎಡಗೈಯಲ್ಲೇ ಪಿಯಾನೊ ನುಡಿಸುತ್ತಿದ್ದರು. ಸಂಗೀತಗಾರರು ಎಡಗೈಗೆಂದೇ ರಚನೆಗಳನ್ನು ಬರೆದುಕೊಟ್ಟರು. 2011ರಲ್ಲಿ ಅವರಿಗೆ ನೊಬೆಲ್ ಬಂದಾಗ ಅವರ ಪರವಾಗಿ ಮಾತಾಡಿದವರು ಪತ್ನಿ ಮೋನಿಕಾ. ಅಫೇಸಿಯಾ ಇದ್ದವರ ಗಾಯನವೃಂದಗಳು ಇಂದು ಹಲವು ದೇಶಗಳಲ್ಲಿವೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಕೇಂದ್ರ ಮೈಸೂರು. 1960ರ ದಶಕದ ಮಧ್ಯದಲ್ಲಿ ಅಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದೇಶದ ವಾಕ್ ಚಿಕಿತ್ಸಕರ ತಲೆಮಾರುಗಳನ್ನು ತಯಾರು ಮಾಡಿದೆ. ಎರಡು ಭಾಷೆ ಬಲ್ಲವರ ಅಫೇಸಿಯಾ ಪರೀಕ್ಷೆಯ ಕನ್ನಡ ರೂಪ 1989ರಲ್ಲಿ ಬಂತು; ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ ಎಂಬ ಮತ್ತೊಂದು ಪರೀಕ್ಷೆಗೂ ಕನ್ನಡ ರೂಪ ಇದೆ; ವಯಸ್ಕರ ಚಿಕಿತ್ಸೆಗೆ ಕನ್ನಡ ಕೈಪಿಡಿಯೂ ಸಿದ್ಧವಾಗಿದೆ. ಎರಡು ಮೂರು ಭಾಷೆಗಳ ಬದುಕು ಇಲ್ಲಿ ಗೆಳೆತನಕ್ಕೂ ತೊಡಕಾಗುತ್ತದೆ. ಮನೆಯಲ್ಲಿ ತುಳು ಅಥವಾ ಉರ್ದು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತಿದ್ದವರಿಗೆ ಪಾರ್ಶ್ವವಾಯುವಿನ ಬಳಿಕ ಒಂದು ಭಾಷೆ ಹೆಚ್ಚು, ಇನ್ನೊಂದು ಕಡಿಮೆ ಮರಳಬಹುದು. ಮರಳದ ಭಾಷೆಯ ಗೆಳೆಯರು ಅದರೊಂದಿಗೇ ಕೈತಪ್ಪುತ್ತಾರೆ.

ನಮ್ಮ ಮನೆಗಳಲ್ಲಿ ಕಾಯಿಲೆಯವರನ್ನು ‘ನೋಡಿಕೊಂಡು ಬರುವ’ ರೂಢಿ ಗಟ್ಟಿಯಾಗಿದೆ. ಹಣ್ಣು ಹಿಡಿದು ಬಂದವರು ರೋಗಿಯ ಎದುರೇ ಕೂತು, ‘ಊಟ ಮಾಡ್ತಾರಾ? ಗುರುತು ಸಿಗುತ್ತಾ?’ ಎಂದು ಹೆಂಡತಿಯನ್ನೋ ಮಗನನ್ನೋ ಕೇಳಿ, ಕಾಫಿ ಕುಡಿದು ಹೊರಡುತ್ತಾರೆ. ಆ ಪ್ರಶ್ನೆಯನ್ನು ರೋಗಿಯನ್ನೇ ಕೇಳಿ, ಕೈಗೊಂದು ಕಾಗದ ಪೆನ್ನು ತೆಗೆದುಕೊಂಡು, ಉತ್ತರ ಬರುವವರೆಗೆ ಕಾದರೆ ಟೊರಾಂಟೊದ ಸ್ವಯಂಸೇವಕರು ಕಲಿತ ಪಾಠದ ಮೊದಲ ಭಾಗ ಅಲ್ಲಿಗೆ ಮುಗಿದಂತೆ. ಬೆಳಗಿನ ವಾಕಿಂಗಿನ ಗುಂಪು, ಭಜನಾ ಮಂಡಳಿ, ನಿವೃತ್ತರ ಸಂಘಗಳು ಮಾತು ನಿಂತ ತಮ್ಮ ಸದಸ್ಯರನ್ನು ವಾರಕ್ಕೊಮ್ಮೆಯಾದರೂ ಕರೆದುಕೊಂಡು ಹೋಗಿ ನಡುವೆ ಕೂರಿಸಿಕೊಳ್ಳಬೇಕು. ಅವರ ಜೊತೆ ಮಾತಾಡುವ ಬಗೆಯನ್ನು ಹತ್ತಿರದ ವಾಕ್ ಚಿಕಿತ್ಸಕರನ್ನು ಕೇಳಿ ಕಲಿಯಬೇಕು.